ಆರು ಸಾವಿರ ಫೋಟೋನೂ ಹಂಗೇ ಕೊಡಿ ಅಂತಾರೆ, ಏನ್ ಮಾಡ್ಲಿ?

ಪ್ರಶ್ನೆ: ಸರ್ ನಮಸ್ತೆ. ನಾನು ತಿಪಟೂರು ಕಡೆ ಮದುವೆ ಫೋಟೋ ಮಾಡ್ತೀನಿ, ಐದು ವರ್ಷ ಆಯ್ತು. ಹೋದ ತಿಂಗಳು ಒಂದು ಮದುವೆ, ಚಪ್ಪರ, ರಿಸೆಪ್ಷನ್, ಮುಹೂರ್ತ ಎಲ್ಲಾ ಸೇರಿ ಎರಡು ಕ್ಯಾಮೆರಾದಲ್ಲಿ 6200 ಫೋಟೋ ಆಗಿದೆ. ಮಾತಾಗಿದ್ದು 40 ಶೀಟ್ ಆಲ್ಬಮ್ಮು, 350 ಎಡಿಟ್ ಫೋಟೋ. ಆಲ್ಬಮ್ ಕೊಟ್ಟಾಯ್ತು, ಖುಷಿಯಾಗೇ ತಗೊಂಡ್ರು. ಈಗ ಹುಡುಗಿ ಅಪ್ಪ ದಿನಾ ಫೋನ್ ಮಾಡಿ "ತೆಗೆದಿದ್ದೆಲ್ಲಾ ಕೊಡಪ್ಪಾ, ಎಡಿಟ್ ಏನೂ ಬೇಡ, ಹಂಗೇ ಹಾಕ್ಕೊಡು, ದುಡ್ಡು ಕೊಟ್ಟಿಲ್ವಾ ನಾವು" ಅಂತಾರೆ. ಎಲ್ಲಾ ರಾ ಫೈಲು (ಕ್ಯಾಮೆರಾ ತೆಗೆದ ಹಾಗೇ ಇರೋ, ಇನ್ನೂ ಬಣ್ಣ ಬೆಳಕು ಸರಿ ಮಾಡದ ದೊಡ್ಡ ಫೈಲು), 170 ಜಿಬಿ ಮೇಲಿದೆ. ಕೆಟ್ಟ ಫೋಟೋ ನೋಡ್ಬಿಟ್ಟು ಇವ್ನಿಗೆ ಕೆಲಸಾನೇ ಬರಲ್ಲ ಅಂತ ಊರಲ್ಲಿ ಹೇಳಿದ್ರೆ ಅಂತ ಭಯ. ಕೊಡ್ಲಾ, ಬೇಡ್ವಾ?
- ಹೆಸರು ಹಾಕ್ಬೇಡಿ, ತಿಪಟೂರು

ಉತ್ತರ: ಕೊಡಿ. ಆದ್ರೆ ಅವ್ರು ಕೇಳ್ತಿರೋದು ಏನು ಅಂತ ಮೊದ್ಲು ತಿಳ್ಕೊಂಡು ಕೊಡಿ, ಯಾಕಂದ್ರೆ ಅವ್ರು ರಾ ಫೈಲ್ ಕೇಳ್ತಿಲ್ಲ, ರಾ ಅಂದ್ರೇನು ಅಂತಾನೂ ಅವ್ರಿಗೆ ಗೊತ್ತಿರಲ್ಲ. ನನ್ನ ಅನುಭವದಲ್ಲಿ ಆಲ್ಬಮ್ ಕೈಗೆ ಬಂದ್ಮೇಲೆ ಎಲ್ಲಾ ಫೋಟೋ ಕೊಡಿ ಅಂತ ಫೋನ್ ಬರತ್ತಲ್ಲ, ಅದ್ರ ಹಿಂದೆ ಯಾರೋ ಒಬ್ರು ನೆಂಟ್ರು ಇರ್ತಾರೆ. ಹುಡುಗಿ ದೊಡ್ಡಪ್ಪ ಹುಬ್ಬಳ್ಳಿಯಿಂದ ಬಂದಿದ್ರು ಅಂದ್ಕೊಳ್ಳಿ, ಎರಡು ದಿನ ಛತ್ರದಲ್ಲಿ ನಿಂತು ಊಟದ ಉಸ್ತುವಾರಿ ನೋಡ್ಕೊಂಡ್ರು, ಸ್ಟೇಜ್ ಮೇಲೆ ಬರಕ್ಕೇ ಆಗ್ಲಿಲ್ಲ, ಈಗ ಆಲ್ಬಮ್ ತಿರುವಿ ನೋಡಿದ್ರೆ ಅವ್ರದ್ದು ಒಂದೂ ಫೋಟೋ ಇಲ್ಲ. ಮನೇಲಿ ಮಾತು ಬಂದಿರತ್ತೆ, ಆ ಅಪ್ಪನಿಗೆ ತಲೆ ಎತ್ಕೊಂಡು ಅಣ್ಣನ ಹತ್ರ ಮಾತಾಡಕ್ಕಾಗ್ತಿಲ್ಲ. ನಿಮ್ಮ ಹಾರ್ಡ್ ಡಿಸ್ಕಲ್ಲಿ ಅಡುಗೆ ಮನೆ ಬಾಗಿಲಲ್ಲಿ ನಿಂತಿರೋ ದೊಡ್ಡಪ್ಪ ಇರ್ತಾರೆ, ಆಲ್ಬಮ್‌ಗೆ ಚೆನ್ನಾಗಿ ಕಾಣಲ್ಲ ಅಂತ ಬಿಟ್ಟಿರ್ತೀರಿ ಅಷ್ಟೇ. ಅದಕ್ಕೇ ಫೋನ್ ಮಾಡಿ ನೇರವಾಗಿ ಕೇಳಿ, "ಯಾರದಾದ್ರೂ ಫೋಟೋ ಹುಡುಕ್ತಿದೀರಾ ಅಂಕಲ್?" ಅಂತ. ಅರ್ಧ ಸಲ ಹತ್ತು ಹದಿನೈದು ಫೋಟೋ ಹುಡುಕಿ ಕಳ್ಸಿದ್ರೆ ಅಲ್ಲಿಗೆ ಮುಗಿಯತ್ತೆ.

ಇನ್ನೊಂದು ಅರ್ಥ ಮಾಡ್ಕೋಬೇಕು. ಅವ್ರ ಮದುವೆ ಆದಾಗ ರೀಲ್ ಕಾಲ, ಒಂದು ರೋಲಲ್ಲಿ 36, ಹತ್ತು ರೋಲ್ ಹಾಕಿದ್ರೆ 360 ಫೋಟೋ, ಬಂದಿದ್ದೆಲ್ಲಾ ಪ್ರಿಂಟ್ ಹಾಕಿ ಕವರಲ್ಲಿ ಕೊಡ್ತಿದ್ರು, ಸ್ವಲ್ಪ ಶೇಕ್ ಆಗಿರೋದೂ ಇರ್ತಿತ್ತು. ಅವ್ರ ಲೆಕ್ಕದಲ್ಲಿ ತೆಗೆದಿದ್ದು ಅಂದ್ರೆ ಕೊಟ್ಟಿದ್ದು. ಈಗ ನಾವು ಮಾಂಗಲ್ಯಧಾರಣೆ ಟೈಮಲ್ಲಿ ಅಕ್ಷತೆ ಬೀಳೋವಾಗ ಬಟನ್ ಒತ್ತಿ ಹಿಡ್ಕೊಂಡ್ರೆ ಸೆಕೆಂಡಿಗೆ ಹತ್ತು ಬರತ್ತೆ, ಅದ್ರಲ್ಲಿ ಒಂದು ಸಾಕು ಅಂತಾನೇ ತೆಗೀತೀವಿ. ಇದನ್ನ ನೀವು ಅವ್ರಿಗೆ ಯಾವತ್ತೂ ಬಿಡಿಸಿ ಹೇಳಿಲ್ಲ, ಹಾಗಾಗಿ 6200ರಲ್ಲಿ 350 ಕೊಟ್ಟು ಮಿಕ್ಕಿದ್ದು ಬಚ್ಚಿಟ್ಕೊಂಡಿದಾನೆ ಅಂತ ಅನ್ಸೋದು ಸಹಜ.

ಈಗ ಕೊಡೋ ಕ್ರಮ. ಮೊದ್ಲು 6200ನೂ ಒಂದು ಸಲ ಕೂತು ನೋಡ್ಲೇಬೇಕು, ನೋಡ್ದೆ ಒಂದು ಫೋಲ್ಡರ್ರೂ ಕೊಡ್ಬೇಡಿ. ನಾನು ಹಿಂದೆ ಒಂದ್ಸಲ ನೋಡ್ದೇನೇ ಕಾರ್ಡಲ್ಲಿದ್ದಿದ್ದನ್ನ ಹಂಗೇ ಕಾಪಿ ಹೊಡೆದು ಕೊಟ್ಟುಬಿಟ್ಟೆ, ಆ ಕಾರ್ಡ್ ಫಾರ್ಮ್ಯಾಟ್ ಮಾಡಿರ್ಲಿಲ್ಲ, ಹಿಂದಿನ ವಾರ ಬೇರೆ ಮನೇಲಿ ತೆಗೆದ ನಾಮಕರಣದ ಫೋಟೋಗಳೂ ಜೊತೇಲೇ ಹೋದ್ವು, ಅದ್ರಲ್ಲಿ ಬಾಣಂತಿ ಕೋಣೆ ಒಳಗೆ ತೆಗೆದಿದ್ದೂ ಇತ್ತು. ಎರಡೂ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಅವತ್ತಿನಿಂದ ನೋಡ್ದೆ ಕೊಡೋದು ನಿಲ್ಲಿಸಿದೀನಿ.

ನೋಡ್ತಾ ತೆಗೆದುಹಾಕ್ಬೇಕಾಗಿರೋದು ಕಣ್ಣು ಮುಚ್ಚಿರೋದು, ಫ್ಲಾಶ್ ಹೊಡೀದೆ ಕಪ್ಪಾಗಿರೋದು, ಲೈಟ್ ಚೆಕ್ ಮಾಡಕ್ಕೆ ತೆಗೆದಿದ್ದು, ಒಂದೇ ಥರದ ಹತ್ರಲ್ಲಿ ಎಂಟು. ಇದಕ್ಕಿಂತ ಮುಖ್ಯ ಯಾರ್ದಾದ್ರೂ ಮಾನ ಹೋಗೋ ಅಂಥದ್ದು: ಸೀರೆ ಸರಿ ಮಾಡ್ಕೋತಿರೋ ಹೆಣ್ಮಕ್ಕಳು, ಮಗುಗೆ ಹಾಲು ಕೊಡ್ತಿರೋರು, ಬಾಯಿ ತುಂಬಾ ಅನ್ನ ಇಟ್ಕೊಂಡಿರೋ ಹಿರಿಯರು, ಕೋಣೇಲಿ ಜಗಳ ಆಡ್ತಿರೋ ಬೀಗರು. ಅಂಥದ್ದು ದುಡ್ಡು ಕೊಟ್ಟೋರು ಕೇಳಿದ್ರೂ ಕೊಡೋ ಹಾಗಿಲ್ಲ, ಆ ಫೋಟೋಲಿರೋರು ನಮ್ಮನ್ನ ನಂಬಿ ಕ್ಯಾಮೆರಾ ಮುಂದೆ ಓಡಾಡಿರ್ತಾರೆ. ಇಷ್ಟು ಮಾಡೋ ಹೊತ್ತಿಗೆ ನಿಮ್ಮ 6200, ಒಂದು 3800ಕ್ಕೆ ಇಳಿಯತ್ತೆ ಅಂದ್ಕೊಳ್ಳಿ. ಒಂದೊಂದಕ್ಕೆ ಎರಡು ಸೆಕೆಂಡ್ ಅಂದ್ರೂ ಮೂರೂವರೆ ಗಂಟೆ ಕೆಲಸ.

ಆಮೇಲೆ ರಾ ಫೈಲ್ ಬೇಡ, ಜೆಪೆಗ್ ಮಾಡಿ ಕೊಡಿ, ಅಂದ್ರೆ ಫೋನಲ್ಲಿ ಟಿವೀಲಿ ಓಪನ್ ಆಗೋ ಮಾಮೂಲಿ ಫೋಟೋ ಫೈಲು. ಕ್ಯಾನನ್‌ದು ಸಿಆರ್3, ನಿಕಾನ್‌ದು ಎನ್ಇಎಫ್, ಸೋನಿದು ಎಆರ್‌ಡಬ್ಲ್ಯೂ, ಈ ರಾ ಫೈಲ್‌ಗಳು ಅವ್ರ ಮನೆ ಟಿವೀಲೂ ಓಪನ್ ಆಗಲ್ಲ, ಎಷ್ಟೋ ಫೋನಲ್ಲೂ ಆಗಲ್ಲ, ಓಪನ್ ಆದ್ರೂ ಎಷ್ಟೋ ಸಲ ಕ್ಯಾಮೆರಾ ಸ್ಕ್ರೀನಲ್ಲಿ ಕಂಡ ಬಣ್ಣ ಇರಲ್ಲ, ಸಪ್ಪೆ ಸಪ್ಪೆ. ಅದ್ರಲ್ಲೂ ನಮ್ಮ ಛತ್ರಗಳ ಲೈಟು ನಿಮಗೇ ಗೊತ್ತಲ್ಲ, ಒಂದು ಕಡೆ ಹಳದಿ ಬಲ್ಬು, ಇನ್ನೊಂದು ಕಡೆ ನೀಲಿ ಎಲ್ಇಡಿ, ಮಧ್ಯೆ ವಿಡಿಯೋದವ್ರ ಬಿಳಿ ಲೈಟು, ಹುಡುಗಿ ಮುಖ ಅರ್ಧ ಅರಿಶಿನ ಅರ್ಧ ನೇರಳೆ. ಅದಕ್ಕೆ ಎಡಿಟ್ ಬೇಡ ಅಂದ್ರೂ ಲೈಟ್‌ರೂಮ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಮಂಟಪದ ಒಂದು ಫೋಟೋಗೆ ವೈಟ್ ಬ್ಯಾಲೆನ್ಸ್ (ಹಳದಿ ನೀಲಿ ಛಾಯೆ ತೆಗೆಯೋದು), ಬೆಳಕು ಸರಿ ಮಾಡಿ ಅದೇ ಲೈಟಲ್ಲಿರೋ ಎಲ್ಲಕ್ಕೂ ಸಿಂಕ್ ಹೊಡೀರಿ, ಅಂದ್ರೆ ಅದೇ ಬದಲಾವಣೆ ಒಟ್ಟಿಗೆ ಹಾಕಿ, ರಿಸೆಪ್ಷನ್‌ಗೆ ಬೇರೆ, ಊಟದ ಹಾಲ್‌ಗೆ ಬೇರೆ. ಎಂಟು ಹತ್ತು ಸಲ ಮಾಡಿದ್ರೆ 3800ನೂ ನೋಡೋ ಹಾಗೆ ಆಗತ್ತೆ. ಮುಖ ತಿದ್ದೋದು, ಹಿಂದಿನ ವೈರು ಅಳಿಸೋದು ಇದ್ರಲ್ಲಿ ಬರಲ್ಲ, ಅದನ್ನ ಅವ್ರಿಗೆ ಬಾಯಿಬಿಟ್ಟು ಹೇಳಿ, "ಬಣ್ಣ ಮಾತ್ರ ಸರಿ ಮಾಡಿದೀನಿ, ಆಲ್ಬಮ್ ಥರ ಇರಲ್ಲ" ಅಂತ. ನಿಮ್ಮ ಭಯ ಇತ್ತಲ್ಲ, ಊರಲ್ಲಿ ಏನಂತಾರೋ ಅಂತ, ಅದು ಇಲ್ಲಿಗೆ ಮುಕ್ಕಾಲು ಹೋಗತ್ತೆ.

ಸೈಜ್ ಲೆಕ್ಕ ಹೇಳ್ತೀನಿ. ಪೂರ್ತಿ ಸೈಜ್ ಜೆಪೆಗ್ ಒಂದೊಂದು 7 ಎಂಬಿ ಅಂದ್ರೆ 3800ಕ್ಕೆ ಸುಮಾರು 27 ಜಿಬಿ, ಒಂದು 64 ಜಿಬಿ ಪೆನ್ ಡ್ರೈವ್ ಸಾಕು. ಉದ್ದ ಕಡೆ 3000 ಪಿಕ್ಸೆಲ್ ಇಟ್ರೆ ಒಂದೊಂದು ಒಂದೂವರೆ ಎಂಬಿ ಆಸುಪಾಸು ಬರತ್ತೆ, ಒಟ್ಟು ಆರು ಜಿಬಿನೂ ಆಗಲ್ಲ, ಅದ್ರಲ್ಲೂ 8 ಇಂಟು 12 ಇಂಚು ಪ್ರಿಂಟ್ ನೀಟಾಗಿ ಬರತ್ತೆ, 250 ಡಿಪಿಐ, ಅಂದ್ರೆ ಇಂಚಿಗೆ 250 ಚುಕ್ಕಿ ಸಿಗತ್ತಲ್ಲ. ನಾನಾದ್ರೆ ಎರಡೂ ಹಾಕ್ತೀನಿ, ದೊಡ್ಡದು ಇಟ್ಕೊಳಕ್ಕೆ, ಚಿಕ್ಕದು ವಾಟ್ಸಾಪಲ್ಲಿ ನೆಂಟರಿಗೆ ಕಳ್ಸಕ್ಕೆ.

ಜೋಡಿಸೋದ್ರಲ್ಲಿ ಒಂದು ತಪ್ಪು ತುಂಬಾ ಜನ ಮಾಡ್ತಾರೆ. ಎರಡು ಕ್ಯಾಮೆರಾದ ಗಡಿಯಾರ ಒಂದೇ ಟೈಮ್ ಇರಲ್ಲ, ಒಂದು ಐದು ನಿಮಿಷ ಮುಂದೆ ಇದ್ರೆ ತಾಳಿ ಕಟ್ಟಿದ್ಮೇಲೆ ಅಂತರಪಟ ಹಿಡಿದ ಹಾಗೆ ಬರತ್ತೆ. ಇಬ್ರೂ ಒಂದೇ ಕ್ಷಣದಲ್ಲಿ ತೆಗೆದ ಒಂದು ಫೋಟೋ ಹುಡುಕಿ ಒಂದು ಕ್ಯಾಮೆರಾದ ಟೈಮ್ ಲೈಟ್‌ರೂಮಲ್ಲೇ ಹಿಂದೆ ಮುಂದೆ ಮಾಡಿ, ಆಮೇಲೆ ಎಲ್ಲಕ್ಕೂ ಹೊಸದಾಗಿ ನಂಬರ್ ಕೊಡಿ. ನಂಬರ್ ಕೊಡ್ದೆ ಇದ್ರೆ ಎರಡೂ ಕ್ಯಾಮೆರಾದಲ್ಲಿ ಒಂದೇ ಹೆಸರಿನ ಫೈಲ್ ಇದ್ದು ಕಾಪಿ ಮಾಡೋವಾಗ ಒಂದ್ರ ಮೇಲೆ ಒಂದು ಕೂತು ಅಳಿಸಿ ಹೋಗ್ಬೋದು, ಹೋಗಿದ್ದು ಗೊತ್ತೂ ಆಗ್ದೇ ಇರ್ಬೋದು. ಚಪ್ಪರ, ವರಪೂಜೆ, ರಿಸೆಪ್ಷನ್, ಮುಹೂರ್ತ, ಊಟ ಅಂತ ಬೇರೆ ಬೇರೆ ಫೋಲ್ಡರ್ ಮಾಡಿ. ಕಾಪಿ ಆದ್ಮೇಲೆ ಪೆನ್ ಡ್ರೈವ್ ಕಿತ್ತು ಮತ್ತೆ ಹಾಕಿ ಎಷ್ಟು ಫೈಲು, ಎಷ್ಟು ಜಿಬಿ ಅಂತ ಎರಡೂ ಕಡೆ ಹೊಂದಿಸಿ, ನಡುವಿನ ಒಂದಿಪ್ಪತ್ತು ಫೋಟೋ ಓಪನ್ ಮಾಡಿ. ಅವ್ರು ತಂದುಕೊಟ್ಟ ಹಳೇ ಪೆನ್ ಡ್ರೈವ್ ಆದ್ರೆ ಸಿಸ್ಟಮ್‌ಗೆ ಹಾಕಿದ ಕೂಡ್ಲೇ ವೈರಸ್ ಸ್ಕ್ಯಾನ್ ಮಾಡಿ, ಮಾಡ್ದೆ ಒಳಗಿರೋದು ಏನೂ ಓಪನ್ ಮಾಡ್ಬೇಡಿ.

ದುಡ್ಡಿನ ವಿಷಯ: ಈ ಸಲ ಕೇಳ್ಬೇಡಿ, ಮೊದ್ಲೇ ಮಾತಾಡದೇ ಇದ್ದಿದ್ದು ನಿಮ್ಮ ಕಡೆಯಿಂದ ಆಗಿರೋದು. ಪೆನ್ ಡ್ರೈವ್ ದುಡ್ಡು ಮಾತ್ರ ತಗೊಳ್ಳಿ. ಮುಂದಿನ ಮದುವೆಯಿಂದ ಇದು ಒಂದು ಪೂರ್ತಿ ದಿನದ ಕೆಲಸ ಅಂತ ಪ್ಯಾಕೇಜಲ್ಲೇ ಸೇರಿಸಿ, ಅಡ್ವಾನ್ಸ್ ರಸೀದಿ ಮೇಲೆ ಹೀಗೆ ಬರೀರಿ: "ಆಲ್ಬಮ್ ಫೋಟೋ ಇಷ್ಟು. ಇದಲ್ದೆ ಚೆನ್ನಾಗಿ ಬಂದಿರೋ ಎಲ್ಲಾ ಫೋಟೋ ಬಣ್ಣ ಮಾತ್ರ ಸರಿಮಾಡಿ ಜೆಪೆಗಲ್ಲಿ ಕೊಡ್ತೀವಿ. ರಾ ಫೈಲ್ ಕೊಡೋದಿಲ್ಲ. ಕೊಟ್ಟ ದಿನದಿಂದ ಆರು ತಿಂಗಳು ನಮ್ಮ ಹತ್ರ ಕಾಪಿ ಇರತ್ತೆ." ಗಂಡಿನ ಕಡೆಯವ್ರಿಗೋ ಹೆಣ್ಣಿನ ಕಡೆಯವ್ರಿಗೋ ಯಾರ ಕೈಗೆ ಕೊಡೋದು ಅನ್ನೋದೂ ಬರೀರಿ, ಎರಡು ಕಡೆಯವ್ರೂ ಬೇರೆ ಬೇರೆ ಬಂದು ಕೇಳೋದು ನೋಡಿದೀನಿ. ಕ್ಯಾಂಡಿಡ್‌ಗೆ (ಪೋಸ್ ಕೊಡಿಸ್ದೆ ಸಹಜವಾಗಿ ತೆಗೆಯೋ ಫೋಟೋಗೆ) ಅಂತ ದಿನದ ಲೆಕ್ಕದಲ್ಲಿ ಹುಡುಗ್ರನ್ನ ಕರೀತೀರಲ್ಲ, ಅವ್ರ ಕಾರ್ಡ್ ಛತ್ರ ಬಿಡೋ ಮೊದ್ಲೇ ನಿಮ್ಮ ಲ್ಯಾಪ್‌ಟಾಪ್‌ಗೆ ಹಾಕ್ಕೊಂಡ್ಬಿಡಿ, ಆಮೇಲೆ ಫೋನ್ ಎತ್ತಲ್ಲ.

ಪ್ರಶ್ನೆ: ನಮ್ಮ ಮದುವೆ ಫೋಟೋಗ್ರಾಫರ್ ಮಿಕ್ಕಿದ ಫೋಟೋ ಕೊಡಲ್ಲ, ಕಾಪಿರೈಟ್ ನಂದು ಅಂತಾರೆ. ನಮ್ಮನ್ನ ಕೇಳ್ದೇನೇ ನಮ್ಮ ಫೋಟೋ ಇನ್‌ಸ್ಟಾಗ್ರಾಮಲ್ಲಿ ಹಾಕಿದಾರೆ. ಕಾಪಿರೈಟ್ ನಿಜವಾಗ್ಲೂ ಅವ್ರದ್ದಾ?
- ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಮೇಡಂ, ಈ ಮಾತು ಈಗಿನ ಹುಡುಗ್ರು ಅಮೆರಿಕದವ್ರ ಯೂಟ್ಯೂಬ್ ವಿಡಿಯೋ ನೋಡಿ ಕಲ್ತಿರೋದು, ಅಲ್ಲಿ ಸಾಮಾನ್ಯವಾಗಿ ಫೋಟೋ ತೆಗೆದೋರದ್ದೇ ಕಾಪಿರೈಟು. ನಮ್ಮ ಕಾನೂನು ಬೇರೆ. 1957ರ ಕಾಪಿರೈಟ್ ಆಕ್ಟ್, ಸೆಕ್ಷನ್ 17ರ ಬಿ ಖಂಡ ಓದಿ, ಒಬ್ರು ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಥರ ಒಪ್ಪಂದ ಆಗಿಲ್ದೇ ಇದ್ರೆ, ತೆಗೆಸಿದೋರೇ ಮೊದಲ ಮಾಲೀಕರು. ಅಂದ್ರೆ ನೀವು ಏನಕ್ಕೂ ಸೈನ್ ಹಾಕಿಲ್ಲ, ಮೆಸೇಜಲ್ಲೂ ಒಪ್ಕೊಂಡಿಲ್ಲ ಅಂದ್ರೆ ಕಾಪಿರೈಟ್ ನಿಮ್ಮ ಕಡೆದು. ನಾನು ಇದೇ ಕಸುಬಿನೋನು, ಆದ್ರೂ ಹೇಳ್ತೀನಿ, ಈ ಮಾತು ಹೇಳಿ ಜನರನ್ನ ಹೆದರಿಸೋದು ತಪ್ಪು. ಇನ್‌ಸ್ಟಾಗ್ರಾಮಲ್ಲಿ ಹಾಕೋ ಮುಂಚೆ ನಿಮ್ಮನ್ನ ಕೇಳ್ಬೇಕಿತ್ತು, ತೆಗೀರಿ ಅಂತ ಬರವಣಿಗೇಲಿ ಕೇಳಿ.

ಆದ್ರೆ ಒಂದು ವ್ಯತ್ಯಾಸ ಇದೆ. ಕಾಪಿರೈಟ್ ನಿಮ್ಮದು ಅಂದ ಮಾತ್ರಕ್ಕೆ ಅವ್ರ ಹಾರ್ಡ್ ಡಿಸ್ಕಲ್ಲಿರೋ ಪ್ರತಿಯೊಂದು ಫೈಲೂ ಕೊಡ್ಲೇಬೇಕು ಅಂತ ಆ ಸೆಕ್ಷನ್ ಹೇಳಲ್ಲ, ಎಷ್ಟು ಕೊಡ್ಬೇಕು, ಯಾವ ಥರ ಕೊಡ್ಬೇಕು ಅನ್ನೋದು ನೀವಿಬ್ರೂ ಮಾತಾಡ್ಕೊಂಡಿದ್ರ ಮೇಲೆ ಇರತ್ತೆ. ಹಾಗಾಗಿ ಕಾನೂನು ಎತ್ಕೊಂಡು ಹೋಗೋ ಬದ್ಲು "ರಾ ಬೇಡ, ಡಿಲೀಟ್ ಮಾಡೋ ಅಂಥದ್ದು ಬಿಟ್ಟು ಮಿಕ್ಕಿದ್ದು ಜೆಪೆಗ್ ಕೊಡಿ, ಎಡಿಟ್ ಬೇಡ, ಒಂದು ದಿನದ ಕೂಲಿ ಕೊಡ್ತೀವಿ" ಅಂತ ಕೇಳಿ ನೋಡಿ. ರಾ ಕೇಳಿದ ಕೂಡ್ಲೇ ಗಟ್ಟಿಯಾಗಿ ನಿಂತ್ಕೊಳೋರು ಜೆಪೆಗ್ ಅಂದ್ರೆ ಮೆತ್ತಗಾಗ್ತಾರೆ, ಯಾಕಂದ್ರೆ ಅವ್ರಿಗಿರೋ ಚಿಂತೆ ತಮ್ಮ ರಾ ಫೈಲ್ ತಗೊಂಡು ಇನ್ಯಾರೋ ಎಡಿಟ್ ಮಾಡಿ ಬಣ್ಣ ಎಲ್ಲಾ ಗಿಳಿ ಹಸಿರು ಮಾಡಿ ಅದಕ್ಕೆ ಇವ್ರ ಹೆಸರು ಬರತ್ತಲ್ಲ ಅಂತ. ಅದೂ ನ್ಯಾಯವಾದ ಚಿಂತೇನೇ.

ಪ್ರಶ್ನೆ: ಮಗ ಡಲ್ಲಾಸಲ್ಲಿದಾನೆ, ಅವ್ನ ಮದುವೆದು 150 ಜಿಬಿ ಫೋಟೋ ಹಾರ್ಡ್ ಡಿಸ್ಕಲ್ಲಿ ಕೊಟ್ಟಿದಾರೆ. ಗೂಗಲ್ ಡ್ರೈವಿಗೆ ಹಾಕಿ ಕಳ್ಸು ಅಂತಾನೆ, ಎರಡು ದಿನದಿಂದ ಹೋಗ್ತಾನೇ ಇಲ್ಲ.
- ಒಬ್ಬ ತಾಯಿ, ಮೈಸೂರು

ಉತ್ತರ: ಅಮ್ಮಾ, ಗೂಗಲ್‌ನವ್ರು ಪುಕ್ಕಟೆ ಕೊಡೋದು 15 ಜಿಬಿ ಮಾತ್ರ, ಅದ್ರಲ್ಲೂ ನಿಮ್ಮ ಮೇಲ್, ಫೋನ್ ಫೋಟೋ ಎಲ್ಲಾ ಸೇರತ್ತೆ, ಜಾಗ ತುಂಬಿರತ್ತೆ ಅದಕ್ಕೇ ನಿಂತಿದೆ. ಜಾಗ ದುಡ್ಡು ಕೊಟ್ಟು ತಗೊಂಡ್ರೂ ಮನೆ ಇಂಟರ್‌ನೆಟ್ ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ರೆ 150 ಜಿಬಿ ಹೋಗಕ್ಕೆ ಸುಮಾರು 17 ಗಂಟೆ ಬೇಕು, ಅದೂ ಮಧ್ಯೆ ಕರೆಂಟ್ ಹೋಗ್ದೇ ಇದ್ರೆ. ಮಗನಿಗೆ ಕೇಳಿ, 150 ಜಿಬಿ ಅಂದ್ರೆ ಬಹುಶಃ ರಾ ಫೈಲ್ಗಳೂ ಸೇರಿವೆ, ಜೆಪೆಗ್ ಫೋಲ್ಡರ್ ಬೇರೆ ಇದ್ರೆ ಅದೊಂದೇ ದಿನಕ್ಕೊಂದು ಭಾಗ ಹಾಕಿ, ಮೊದ್ಲು ಮುಹೂರ್ತದ್ದು. ಪೂರ್ತಿ ಡಿಸ್ಕ್ ಅವ್ನು ಬಂದಾಗ ಕೈಯಲ್ಲೇ ತಗೊಂಡು ಹೋಗ್ಲಿ, ಆದ್ರೆ ಅದಕ್ಕೂ ಮುಂಚೆ ಅಂಗಡಿಯಿಂದ ಇನ್ನೊಂದು ಡಿಸ್ಕ್ ತಂದು ಎಲ್ಲಾ ಕಾಪಿ ಮಾಡಿಸಿ, ಅವ್ನು ಬರೋವರೆಗೂ ಒಂದು ನಿಮ್ಮ ಬೀರುವಲ್ಲಿ, ಇನ್ನೊಂದು ಬೀಗರ ಮನೇಲಿ. ಈಗ ಇರೋದು ಒಂದೇ ಕಾಪಿ, ಆ ಡಿಸ್ಕ್ ಕೈ ಜಾರಿ ಬಿದ್ರೆ ಫೋಟೋಗ್ರಾಫರ್ ಹತ್ರಾನೂ ಅಷ್ಟೊತ್ತಿಗೆ ಇರಲ್ಲ. ಅವ್ರಿಗೆ ಇವತ್ತೇ ಒಂದು ಫೋನ್ ಮಾಡಿ, ಇನ್ನೂ ಅಳಿಸಿಲ್ವಾ ಕೇಳಿ, ಕಾಪಿ ಮುಗಿಯೋವರೆಗೂ ಇಟ್ಕೊಂಡಿರಿ ಅನ್ನಿ.