ಕಂಪ್ಯೂಟರ್ ಪ್ರಶ್ನೋತ್ತರ: ಬಿಡಿಭಾಗ ಕೊಳ್ಳುವ ಮುನ್ನ ಕಾರಣ ಹುಡುಕಿ

ಈ ಸಂಚಿಕೆಗೆ ಆಯ್ದುಕೊಂಡ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಯಾವ ಭಾಗ ಬದಲಿಸಲಿ?’ ಎಂದೇ ಮುಗಿಯುತ್ತವೆ. ಉತ್ತರಿಸುವಾಗ ನಾನು ಸಾಧ್ಯವಾದಷ್ಟೂ ಒಂದು ಹೆಜ್ಜೆ ಹಿಂದೆ ಸರಿದು, ತೊಂದರೆಯ ಮೂಲ ಎಲ್ಲಿದೆ ಎಂಬುದನ್ನು ಓದುಗರೇ ಪತ್ತೆ ಹಚ್ಚುವ ದಾರಿಯನ್ನು ಸೂಚಿಸಲು ಯತ್ನಿಸಿದ್ದೇನೆ.

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ಆರನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್ ಹಾಗೂ 1 ಟಿಬಿ ಹಾರ್ಡ್ ಡಿಸ್ಕ್ ಇವೆ. ವಿಂಡೋಸ್ 10 ತೆರೆದುಕೊಳ್ಳಲು ನಾಲ್ಕೈದು ನಿಮಿಷ ಬೇಕು. ವಿಂಡೋಸ್ 11 ಹಾಕಲು ಹೋದರೆ ‘ಈ ಕಂಪ್ಯೂಟರ್ ಅರ್ಹವಲ್ಲ’ ಎಂಬ ಸಂದೇಶ ಬರುತ್ತದೆ. ಹೊಸದನ್ನೇ ಕೊಳ್ಳಬೇಕೆ? ಬಳಕೆ: ಪತ್ರ ಬರೆಯುವುದು, ಅಂತರಜಾಲ, ಮಕ್ಕಳ ಪಾಠ, ವಿಡಿಯೊ ನೋಡುವುದು.

ಉತ್ತರ: ತಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದರೊಳಗೊಂದು ಸೇರಿಕೊಂಡಿವೆ. ಕಂಪ್ಯೂಟರ್ ನಿಧಾನವಾಗಿರುವುದಕ್ಕೂ ವಿಂಡೋಸ್ 11 ಅದನ್ನು ಒಪ್ಪದಿರುವುದಕ್ಕೂ ಸಂಬಂಧವಿಲ್ಲ. ಆದ್ದರಿಂದ ಎರಡನ್ನೂ ಬಿಡಿಸಿ ನೋಡೋಣ.

ನಿಧಾನದ ಕಾರಣವನ್ನು ತಾವೇ ಕಣ್ಣಾರೆ ನೋಡಬಹುದು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಟಾಸ್ಕ್ ಮ್ಯಾನೇಜರ್ ತೆರೆದು, ಪ್ರೊಸೆಸರ್, ಮೆಮೊರಿ ಮತ್ತು ಡಿಸ್ಕ್ ಎಂಬ ಮೂರು ಕಾಲಂಗಳನ್ನು ಗಮನಿಸಿ. ಪ್ರೊಸೆಸರ್ ಶೇ 15–20ರ ಆಸುಪಾಸಿನಲ್ಲಿ ಬಿಡುವಾಗಿ ಕುಳಿತಿದ್ದು ಡಿಸ್ಕ್ ಮಾತ್ರ ಶೇ 100ಕ್ಕೆ ಅಂಟಿಕೊಂಡಿದ್ದರೆ, ಇಡೀ ಯಂತ್ರವು ಹಾರ್ಡ್ ಡಿಸ್ಕಿನ ದಾರಿ ಕಾಯುತ್ತಿದೆ ಎಂದು ತಿಳಿಯಬೇಕು. ಇದು ಆ ಡಿಸ್ಕಿನ ದೋಷವೂ ಅಲ್ಲ. ನಿಮಿಷಕ್ಕೆ 7200 ಬಾರಿ ಸುತ್ತುವ ತಟ್ಟೆಗೆ ಒಂದು ಸುತ್ತು ಮುಗಿಸಲು ಸುಮಾರು 8.3 ಮಿಲಿಸೆಕೆಂಡ್ ಬೇಕು. ಓದುವ ತಲೆಯು ಮೊದಲು ಸರಿಯಾದ ಪಥಕ್ಕೆ ಸರಿದು, ಆಮೇಲೆ ಬೇಕಾದ ಮಾಹಿತಿಯು ತನ್ನ ಕೆಳಗೆ ಬರುವ ತನಕ ಸರಾಸರಿ ಅರ್ಧ ಸುತ್ತು ಕಾಯಬೇಕು. ಹೀಗಾಗಿ ಚೆದುರಿದ ಸಣ್ಣ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಓದಬಲ್ಲದು. ಆಪರೇಟಿಂಗ್ ಸಿಸ್ಟಂ ಏಳುವಾಗ ಕೇಳುವುದು ಅಂತಹ ಸಾವಿರಾರು ಸಣ್ಣ ಓದುಗಳನ್ನೇ. ಚಿಪ್‌ಗಳಲ್ಲಿ ಮಾಹಿತಿ ಉಳಿಸುವ ಎಸ್‌ಎಸ್‌ಡಿಯಲ್ಲಿ ಸುತ್ತುವ ತಟ್ಟೆಯೂ ಇಲ್ಲ, ಚಲಿಸುವ ತಲೆಯೂ ಇಲ್ಲ. ಸಾಧಾರಣ ಸಾಟಾ (ಹಾರ್ಡ್ ಡಿಸ್ಕಿಗೂ ಬಳಸುವ ಬಗೆಯ ಸಂಪರ್ಕ) ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಹತ್ತಾರು ಸಾವಿರ ಓದುಗಳನ್ನು ಪೂರೈಸುತ್ತದೆ. ತಮ್ಮ ಕಂಪ್ಯೂಟರಿಗೆ ಆಗಬೇಕಾದ ಮೊದಲ ಕೆಲಸ ಇದು. 240 ಅಥವಾ 500 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ಹಾಕಿ ಆಪರೇಟಿಂಗ್ ಸಿಸ್ಟಂ ಅನ್ನು ಅದರ ಮೇಲೆ ಹೊಸದಾಗಿ ಸ್ಥಾಪಿಸಿ. ಹಳೆಯ ಹಾರ್ಡ್ ಡಿಸ್ಕನ್ನು ಫೋಟೊ, ವಿಡಿಯೊಗಳಿಗೆಂದು ಉಳಿಸಿಕೊಳ್ಳಿ. ಹತ್ತು ವರ್ಷದ ಯಂತ್ರವೂ ಈ ಒಂದೇ ಬದಲಾವಣೆಯಿಂದ ಹೊಸ ಚೈತನ್ಯ ಪಡೆದದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇನ್ನು ವಿಂಡೋಸ್ ವಿಚಾರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು 4 ಜಿಬಿ ರ‍್ಯಾಮ್, 64 ಜಿಬಿ ಸ್ಥಳ, ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದಷ್ಟೇ ಕಂಪ್ಯೂಟರ್ ಏಳುವಂತೆ ನೋಡಿಕೊಳ್ಳುವ) ಸೌಲಭ್ಯ ಮತ್ತು ಟಿಪಿಎಂ 2.0 ಎಂಬ ಭದ್ರತಾ ಘಟಕ. ಇವುಗಳ ಜೊತೆಗೆ ಇಂಟೆಲ್‌ನಲ್ಲಾದರೆ ಬಹುಮಟ್ಟಿಗೆ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್. ತಮ್ಮ ಪ್ರೊಸೆಸರ್ ಆ ಪಟ್ಟಿಗೆ ಸೇರುವುದಿಲ್ಲ. ಈ ತಪಾಸಣೆಯನ್ನು ತಪ್ಪಿಸಿ ಸ್ಥಾಪಿಸುವ ಉಪಾಯಗಳು ಇವೆಯಾದರೂ, ಅಂತಹ ಕಂಪ್ಯೂಟರಿಗೆ ಮುಂದಿನ ಅಪ್‌ಡೇಟ್‌ಗಳ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಮಕ್ಕಳು ದಿನವೂ ಬಳಸುವ ಕಂಪ್ಯೂಟರಿಗೆ ಆ ದಾರಿಯನ್ನು ನಾನು ಸೂಚಿಸಲಾರೆ.

ತಾವು ಪಟ್ಟಿ ಮಾಡಿರುವ ಕೆಲಸಗಳನ್ನು ನೋಡಿದರೆ ವಿಂಡೋಸಿಗೆ ಬದಲಾಗಿ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಮಿಂಟ್ ತಮಗೆ ಹೊಂದುತ್ತದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದರ 22ನೇ ಆವೃತ್ತಿಯು ಉಬುಂಟು ಎಂಬ ಇನ್ನೊಂದು ಲಿನಕ್ಸಿನ 24.04 ಆವೃತ್ತಿಯ ಆಧಾರದ ಮೇಲೆ ರೂಪುಗೊಂಡಿದ್ದು, 2029ರವರೆಗೆ ಭದ್ರತಾ ಅಪ್‌ಡೇಟ್‌ಗಳು ದೊರೆಯುತ್ತವೆ. 4 ಜಿಬಿ ರ‍್ಯಾಮ್ ಇದ್ದರೆ ನೆಮ್ಮದಿಯಾಗಿ ನಡೆಯುತ್ತದೆ ಮತ್ತು ಅದರ ಮೆನು, ಕೆಳಗಿನ ಪಟ್ಟಿಗಳು ವಿಂಡೋಸ್ ಬಳಸಿದವರಿಗೆ ಅಪರಿಚಿತವೆನಿಸುವುದಿಲ್ಲ. ಆದರೆ ನನ್ನ ಮಾತನ್ನು ನಂಬಿ ತಕ್ಷಣವೇ ವಿಂಡೋಸ್ ಅಳಿಸಬೇಡಿ. ಮಿಂಟ್ ಅನ್ನು ಪೆನ್‌ಡ್ರೈವಿಗೆ ಬರೆದುಕೊಂಡು, ಡಿಸ್ಕನ್ನು ಮುಟ್ಟದೆ ಅಲ್ಲಿಂದಲೇ ನಡೆಸಬಹುದು. ಹಾಗೆ ಒಂದು ಸಂಜೆ ಕುಳಿತು ವೈ-ಫೈ ಸಿಗುತ್ತದೆಯೇ, ಧ್ವನಿ ಕೇಳುತ್ತದೆಯೇ, ಪ್ರಿಂಟರ್ ಒಂದು ಹಾಳೆ ಮುದ್ರಿಸುತ್ತದೆಯೇ, ನಿದ್ರಾಸ್ಥಿತಿಗೆ ಹೋದ ಕಂಪ್ಯೂಟರ್ ಮತ್ತೆ ಏಳುತ್ತದೆಯೇ ಎಂಬುದನ್ನು ಪರೀಕ್ಷಿಸಿ. ಅನೇಕರು ಪ್ರಿಂಟರನ್ನು ಮರೆತು ಕೊನೆಯಲ್ಲಿ ಪೇಚಾಡುತ್ತಾರೆ.

ಲಿನಕ್ಸ್ ಹೊಂದದ ಸಂದರ್ಭಗಳನ್ನೂ ಹೇಳಬೇಕು. ಮೈಕ್ರೋಸಾಫ್ಟ್ ಆಫೀಸಿನ ಡೆಸ್ಕ್‌ಟಾಪ್ ಆವೃತ್ತಿ, ಫೋಟೊಶಾಪ್‌ನಂತಹ ತಂತ್ರಾಂಶಗಳು ಲಿನಕ್ಸಿಗೆಂದು ಬರುವುದಿಲ್ಲ. ಮೋಸ ತಡೆಯುವ ವ್ಯವಸ್ಥೆ ಇರುವ ಕೆಲವು ಆನ್‌ಲೈನ್ ಆಟಗಳು ಓಡುವುದಿಲ್ಲ. ಲಿನಕ್ಸಿನಲ್ಲಿ ಸಿಗುವ ಉಚಿತ ಲಿಬ್ರೆ ಆಫೀಸ್ ನಿತ್ಯದ ಪತ್ರಗಳಿಗೆ ಧಾರಾಳವಾಗಿ ಸಾಕು. ಆದರೆ ಕೋಷ್ಟಕಗಳು, ಅಡಿಟಿಪ್ಪಣಿಗಳು ತುಂಬಿರುವ ವರ್ಡ್ ಕಡತವನ್ನು ಕಚೇರಿಯವರೊಂದಿಗೆ ದಿನವೂ ಅತ್ತಿಂದಿತ್ತ ಕಳುಹಿಸಿಕೊಳ್ಳುವವರಿಗೆ ಅದರ ಪುಟವಿನ್ಯಾಸ ಅಲ್ಲಲ್ಲಿ ಪಲ್ಲಟವಾಗುವುದು ಕಿರಿಕಿರಿ ತರುತ್ತದೆ. ಅಂಥವರು ವಿಂಡೋಸಿನಲ್ಲೇ ಉಳಿಯುವುದು ಮೇಲು.

ಪ್ರಶ್ನೆ: ಬಿಡಿಭಾಗಗಳನ್ನು ತಂದು ನಾನೇ ಮೊದಲ ಬಾರಿಗೆ ಕಂಪ್ಯೂಟರ್ ಜೋಡಿಸಿದೆ. ಗುಂಡಿ ಒತ್ತಿದರೆ ಫ್ಯಾನುಗಳು ತಿರುಗುತ್ತವೆ, ದೀಪಗಳು ಉರಿಯುತ್ತವೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಮದರ್‌ಬೋರ್ಡ್ ಸುಟ್ಟುಹೋಗಿದೆಯೇ?

ಉತ್ತರ: ಹಾಗಾಗಿರುವ ಸಂಭವ ಬಹಳ ಕಡಿಮೆ. ನಾನು ಮೊದಲ ಬಾರಿ ಜೋಡಿಸಿದಾಗಲೂ ಹೀಗೆಯೇ ಆಗಿತ್ತು. ಇಡೀ ರಾತ್ರಿ ಎಲ್ಲವನ್ನೂ ಬಿಚ್ಚಿ ಜೋಡಿಸಿ, ಬೆಳಿಗ್ಗೆ ಕಂಡದ್ದು ರ‍್ಯಾಮ್ ಪಟ್ಟಿಯ ಒಂದು ತುದಿ ಸ್ಲಾಟಿನಿಂದ ಒಂದೆರಡು ಮಿಲಿಮೀಟರ್ ಮೇಲೆದ್ದಿತ್ತು ಎಂಬುದನ್ನು. ರ‍್ಯಾಮ್ ಕೂರಿಸಲು ಹೊಸಬರು ಊಹಿಸುವುದಕ್ಕಿಂತ ಹೆಚ್ಚು ಬಲ ಬೇಕು. ಮೆದುವಾಗಿ ಒತ್ತಿದಾಗ ಒಂದು ಬದಿ ‘ಟಕ್’ ಎಂದು ಕೂತು, ಇನ್ನೊಂದು ಬದಿ ಕೂತಂತೆ ತೋರಿ ಮೋಸ ಮಾಡುತ್ತದೆ. ಆದ್ದರಿಂದ ವಿದ್ಯುತ್ ತಂತಿಯನ್ನು ತೆಗೆದು, ರ‍್ಯಾಮನ್ನು ಪೂರ್ತಿ ಹೊರತೆಗೆದು, ಅದರ ಕೆಳಅಂಚಿನ ಕಚ್ಚು ಸ್ಲಾಟಿನ ದಿಬ್ಬಕ್ಕೆ ಸರಿಯಾಗಿ ಎದುರಾಗುವಂತೆ ಹಿಡಿದು, ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಒತ್ತಿ; ಎರಡೂ ಕಡೆ ಶಬ್ದ ಕೇಳಬೇಕು, ಕೊಂಡಿಗಳು ತಾವಾಗಿ ಮುಚ್ಚಬೇಕು. ನಾಲ್ಕು ಸ್ಲಾಟುಗಳಿರುವ ಬೋರ್ಡಿನಲ್ಲಿ ಎರಡೇ ಪಟ್ಟಿಗಳಿದ್ದರೆ, ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟುಗಳಲ್ಲಿ ಹಾಕಬೇಕು. ಕೈಪಿಡಿಯಲ್ಲಿ ಚಿತ್ರವೇ ಇರುತ್ತದೆ.

ಅದು ಸರಿಯಿದ್ದರೆ ಮಾನಿಟರಿನ ಕೇಬಲ್ ಎಲ್ಲಿ ಸಿಕ್ಕಿಸಿದ್ದೀರಿ ಎಂದು ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದಾಗ ಕೇಬಲ್ ಅದಕ್ಕೇ ಹೋಗಬೇಕು. ಕಾರ್ಡ್ ಇಲ್ಲವೆಂದಾದರೆ ಪ್ರೊಸೆಸರಿನ ಹೆಸರನ್ನು ಓದಿ: ಕೊನೆಯಲ್ಲಿ ‘ಎಫ್’ ಅಕ್ಷರವಿರುವ ಇಂಟೆಲ್ ಪ್ರೊಸೆಸರುಗಳಲ್ಲಿ ಚಿತ್ರ ತೋರಿಸುವ ಭಾಗವೇ ಬಳಕೆಗೆ ಸಿಗುವುದಿಲ್ಲ. ಮದರ್‌ಬೋರ್ಡಿನ ಮೇಲ್ಮೂಲೆಯಲ್ಲಿ ಪ್ರೊಸೆಸರಿಗೆಂದೇ ಇರುವ ಎಂಟು ಪಿನ್ನಿನ ವಿದ್ಯುತ್ ಸಂಪರ್ಕವನ್ನು ಮರೆಯುವವರೂ ಬಹಳ. ಅದಿಲ್ಲದಿದ್ದರೂ ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಪ್ರೊಸೆಸರಿಗೆ ಮಾತ್ರ ಜೀವ ಬರುವುದಿಲ್ಲ. ಡಿಡಿಆರ್5 ರ‍್ಯಾಮ್ ಇರುವ ಹೊಸ ಬೋರ್ಡಾದರೆ ಇನ್ನೊಂದು ಮಾತು. ಮೊದಲ ಸಲ ಆನ್ ಮಾಡಿದಾಗ ಅದು ರ‍್ಯಾಮಿನ ವೇಗ, ಸಮಯಗಳನ್ನು ತಾನೇ ಹೊಂದಿಸಿಕೊಳ್ಳಲು ಕೆಲವು ನಿಮಿಷಗಳನ್ನೇ ತೆಗೆದುಕೊಳ್ಳಬಹುದು. ಅಷ್ಟು ಹೊತ್ತು ಪರದೆ ಕಪ್ಪಾಗಿಯೇ ಇರುತ್ತದೆ. ಹೆದರಿ ಮಧ್ಯದಲ್ಲಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಹತ್ತು ನಿಮಿಷ ಕಾಯಿರಿ.

ಇಷ್ಟಾದರೂ ಚಿತ್ರ ಬರದಿದ್ದರೆ ಪ್ರೊಸೆಸರ್, ಅದರ ಕೂಲರ್, ಒಂದೇ ಒಂದು ರ‍್ಯಾಮ್ ಪಟ್ಟಿ, ಇಷ್ಟನ್ನು ಮಾತ್ರ ಉಳಿಸಿ (ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡನ್ನೂ ಇಟ್ಟುಕೊಂಡು) ಪ್ರಯತ್ನಿಸಿ. ಬೋರ್ಡಿಗಿಂತ ಪ್ರೊಸೆಸರ್ ಹೊಸದಾಗಿದ್ದರೆ ಬಯಾಸ್ (ಮದರ್‌ಬೋರ್ಡಿನಲ್ಲೇ ಇರುವ ಆರಂಭಿಕ ತಂತ್ರಾಂಶ) ಅಪ್‌ಡೇಟ್ ಬೇಕಾಗಿರಬಹುದು. ಎಎಂಡಿ ಕಂಪನಿಯ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) 2016ರಿಂದ ಹಲವು ತಲೆಮಾರಿನ ಪ್ರೊಸೆಸರುಗಳಿಗೆ ಬಳಕೆಯಾಗಿರುವುದರಿಂದ, ಹಳೆಯ ಬಯಾಸ್ ಇರುವ ಬೋರ್ಡುಗಳು ನಂತರದ ಪ್ರೊಸೆಸರನ್ನು ಗುರುತಿಸದೇ ಹೋಗುವುದುಂಟು.

ಪ್ರಶ್ನೆ: ವಿಡಿಯೊ ಎಡಿಟ್ ಮಾಡುವಾಗ ಹತ್ತು ಹದಿನೈದು ನಿಮಿಷಕ್ಕೆ ಕಂಪ್ಯೂಟರ್ ತಟ್ಟನೆ ಆಫ್ ಆಗುತ್ತದೆ. ಬೇರೆ ಕೆಲಸಗಳಲ್ಲಿ ತೊಂದರೆಯಿಲ್ಲ. ವೈರಸ್ ಇರಬಹುದೆ?

ಉತ್ತರ: ವೈರಸ್ಸಿನ ಲಕ್ಷಣ ಹೀಗಿರುವುದಿಲ್ಲ. ಭಾರ ಹೆಚ್ಚಾದಾಗಷ್ಟೇ ಆಫ್ ಆಗುತ್ತಿರುವುದರಿಂದ ಅನುಮಾನಿಸಬೇಕಾದದ್ದು ಬಿಸಿಯನ್ನು ಅಥವಾ ಎಲ್ಲ ಭಾಗಗಳಿಗೂ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಅನ್ನು. ತಾಪಮಾನ ತೋರಿಸುವ ಯಾವುದಾದರೂ ಉಚಿತ ತಂತ್ರಾಂಶವನ್ನು ತೆರೆದಿಟ್ಟುಕೊಂಡು ಎಡಿಟಿಂಗ್ ಆರಂಭಿಸಿ. ಪ್ರೊಸೆಸರಿನ ಬಿಸಿ ಏರುತ್ತಾ ಹೋಗಿ 95–100 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಮೊದಲು ವೇಗ ಕುಗ್ಗಿ, ಆಮೇಲೆ ಆಫ್ ಆದರೆ ಬಿಸಿಯೇ ಕಾರಣ. 60–65 ಡಿಗ್ರಿಯಲ್ಲಿ ಇರುವಾಗಲೇ, ಗ್ರಾಫಿಕ್ಸ್ ಕಾರ್ಡಿನ ಮೇಲೆ ಭಾರ ಬಿದ್ದೊಡನೆ ದೀಪ ಆರಿದಂತೆ ನಿಂತುಬಿಟ್ಟರೆ ಎಸ್‌ಎಂಪಿಎಸ್ ಸಾಲುತ್ತಿಲ್ಲ ಅಥವಾ ಹಳತಾಗಿದೆ ಎಂದು ಶಂಕಿಸಬೇಕು.

ಬಿಸಿಯಾದರೆ ಕ್ಯಾಬಿನೆಟ್ಟಿನ ಬದಿಯ ಮುಚ್ಚಳ ತೆಗೆದು ಪ್ರೊಸೆಸರ್ ಫ್ಯಾನಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಮೇಲಿನಿಂದ ನೋಡಿದರೆ ಸ್ವಚ್ಛವಾಗಿಯೇ ಕಾಣುವ ಕೂಲರಿನಲ್ಲಿ, ಫ್ಯಾನು ಬಿಚ್ಚಿದಾಗ ಬಿಸಿಯನ್ನು ಹೀರಿ ಹೊರಬಿಡುವ ಲೋಹದ ಹೀಟ್‌ಸಿಂಕಿನ ರೆಕ್ಕೆಗಳ ಮೇಲೆ ಬೂದುಬಣ್ಣದ ದೂಳು ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿರುವುದು ಸಾಮಾನ್ಯ. ಬೆರಳಿನಿಂದ ಎತ್ತಿದರೆ ಒಂದೇ ಹಾಳೆಯಾಗಿ ಮೇಲೇಳುತ್ತದೆ. ಗಾಳಿ ಹಾದುಹೋಗಲು ಸಂದೇ ಇಲ್ಲದಿರುವಾಗ ಫ್ಯಾನು ಎಷ್ಟು ತಿರುಗಿದರೂ ವ್ಯರ್ಥ. ಮೆದು ಬ್ರಷ್ಷಿನಿಂದ ಬಿಡಿಸಿ, ಬ್ಲೋವರಿನಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲದಿದ್ದರೆ ಅದು ಅತಿವೇಗವಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಕೂಲರನ್ನು ಕಳಚಿದಿರೆಂದರೆ ಪ್ರೊಸೆಸರಿನಿಂದ ಕೂಲರಿಗೆ ಬಿಸಿ ದಾಟಿಸುವ, ಒಣಗಿದ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪ್ರೊಸೆಸರಿನ ನಡುವೆ ಬಟಾಣಿ ಕಾಳಿಗಿಂತ ತುಸು ಚಿಕ್ಕದಾದ ಹೊಸ ಪೇಸ್ಟಿನ ಬೊಟ್ಟು ಇಟ್ಟರೆ ಸಾಕು. ಕೂಲರಿನ ಒತ್ತಡವೇ ಅದನ್ನು ಹರಡುತ್ತದೆ. ಎಎಂ4 ಪ್ರೊಸೆಸರಾದರೆ ಕಂಪ್ಯೂಟರನ್ನು ಕೆಲಹೊತ್ತು ನಡೆಸಿ, ಆಫ್ ಮಾಡಿ, ಪೇಸ್ಟ್ ಬೆಚ್ಚಗಿರುವಾಗಲೇ ಕೂಲರನ್ನು ಮೆಲ್ಲನೆ ಅತ್ತಿತ್ತ ತಿರುಚಿ ಎತ್ತಿ. ನೇರವಾಗಿ ಎಳೆದರೆ ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತುಕೊಂಡು ಬಂದು ಪಿನ್ನುಗಳು ಬಾಗುತ್ತವೆ.

ಎಸ್‌ಎಂಪಿಎಸ್ ಅನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿ. ತಂತಿ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ ಉಳಿದಿರಬಹುದು.

ಪ್ರಶ್ನೆ: ಪ್ರತಿ ಬಾರಿ ಆನ್ ಮಾಡಿದಾಗಲೂ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ವೆಬ್‌ಸೈಟುಗಳೂ ತೆರೆಯುವುದಿಲ್ಲ.

ಉತ್ತರ: ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಮುಗಿದಿದೆ, ಬದಲಿಸಿ. ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರಗಳಿಗೆ ಅವಧಿ ಇರುವುದರಿಂದ, ದಿನಾಂಕ ತಪ್ಪಿದಾಗ ಬ್ರೌಸರ್ ಅವುಗಳನ್ನು ನಂಬುವುದಿಲ್ಲ.

ಪ್ರಶ್ನೆ: ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದೇನೆ. ಲಿನಕ್ಸಿನಿಂದ ವಿಂಡೋಸಿಗೆ ಬಂದಾಗಲೆಲ್ಲ ಗಡಿಯಾರ ತಪ್ಪುತ್ತದೆ. ವಿಂಡೋಸಿನ ಡ್ರೈವಿಗೆ ಲಿನಕ್ಸಿನಿಂದ ಬರೆಯಲೂ ಆಗುತ್ತಿಲ್ಲ.

ಉತ್ತರ: ಇದಕ್ಕೆ ಬ್ಯಾಟರಿ ಕಾರಣವಲ್ಲ. ಬೋರ್ಡಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ತಿಳಿಯುತ್ತದೆ, ಜಾಗತಿಕ ಪ್ರಮಾಣ ಸಮಯ ಎಂದು ಲಿನಕ್ಸ್ ತಿಳಿಯುತ್ತದೆ. ಎರಡರಲ್ಲೊಂದಕ್ಕೆ ಇನ್ನೊಂದರ ಪದ್ಧತಿಯನ್ನು ಒಪ್ಪಿಸಬೇಕು. ಲಿನಕ್ಸಿನಲ್ಲಿ ಹಾರ್ಡ್‌ವೇರ್ ಗಡಿಯಾರವನ್ನು ಸ್ಥಳೀಯ ಸಮಯಕ್ಕೆ ಬದಲಿಸುವುದು ಸುಲಭ. ಡ್ರೈವಿಗೆ ಬರೆಯಲಾಗದಿರುವುದಕ್ಕೆ ಬಹುಮಟ್ಟಿಗೆ ಕಾರಣ ವಿಂಡೋಸಿನ ‘ಫಾಸ್ಟ್ ಸ್ಟಾರ್ಟ್‌ಅಪ್’. ಅದು ಆನ್ ಇದ್ದಾಗ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರ್ಧ ನಿದ್ರೆಯಲ್ಲಿರುತ್ತದೆ, ಡ್ರೈವ್ ಅದರ ಹಿಡಿತದಲ್ಲೇ ಇರುತ್ತದೆ. ಪವರ್ ಆಯ್ಕೆಗಳಲ್ಲಿ ಅದನ್ನು ಆಫ್ ಮಾಡಿ. ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಬಯಾಸ್ ಸೆಟ್ಟಿಂಗ್‌ಗಳನ್ನು ಮುಟ್ಟಬೇಡಿ.

ಪ್ರಶ್ನೆ: ಹಾರ್ಡ್ ಡಿಸ್ಕಿನಿಂದ ಎರಡು ದಿನಗಳಿಂದ ‘ಟಕ್ ಟಕ್’ ಶಬ್ದ ಬರುತ್ತಿದೆ. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆಯೇ? ಹತ್ತು ವರ್ಷಗಳ ಫೋಟೊಗಳು ಅದರಲ್ಲೇ ಇವೆ.

ಉತ್ತರ: ಇದನ್ನು ಓದಿದ ಕ್ಷಣವೇ ಕಂಪ್ಯೂಟರನ್ನು ಆಫ್ ಮಾಡಿ. ಆ ಶಬ್ದವು ಓದುವ ತಲೆ ತನ್ನ ಜಾಗ ಸಿಗದೆ ಮತ್ತೆ ಮತ್ತೆ ಮರಳುತ್ತಿರುವುದರ ಸೂಚನೆ. ಫಾರ್ಮ್ಯಾಟ್‌ನಿಂದಾಗಲಿ, ಡಿಸ್ಕ್ ರಿಪೇರಿ ತಂತ್ರಾಂಶದಿಂದಾಗಲಿ ಅದು ವಾಸಿಯಾಗುವುದಿಲ್ಲ. ಅಂತಹ ತಂತ್ರಾಂಶವು ಡಿಸ್ಕಿನ ಉದ್ದಗಲಕ್ಕೂ ತಡಕಾಡಿ ಉಳಿದಿರುವ ಅಲ್ಪ ಆಯುಷ್ಯವನ್ನೂ ಕಳೆಯುತ್ತದೆ. ಹೊಸ ಡಿಸ್ಕ್ ಸಿದ್ಧವಿಟ್ಟುಕೊಂಡು, ಲಿನಕ್ಸ್ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಆರಂಭಿಸಿ, ಫೋಟೊಗಳ ಫೋಲ್ಡರನ್ನೇ ಮೊದಲು ಪ್ರತಿ ಮಾಡಿ. ಸಿನಿಮಾ, ತಂತ್ರಾಂಶಗಳತ್ತ ಹೋಗಬೇಡಿ. ಡಿಸ್ಕ್ ಗುರುತಿಗೇ ಬರದಿದ್ದರೆ ಮತ್ತೆ ಪ್ರಯತ್ನಿಸದೆ ದತ್ತಾಂಶ ಮರಳಿಸುವ ಪರಿಣತರಿಗೆ ಒಪ್ಪಿಸಿ. ಫೋಟೊಗಳು ಕೈಗೆ ಬಂದ ದಿನವೇ ಎರಡನೆಯ ಪ್ರತಿಯೊಂದನ್ನು ಬೇರೊಂದು ಡಿಸ್ಕಿಗೆ, ಮೂರನೆಯದನ್ನು ಮನೆಯ ಹೊರಗಿನ ಯಾವುದಾದರೂ ಜಾಗಕ್ಕೆ ಸೇರಿಸಿ. ಎಸ್‌ಎಸ್‌ಡಿಗೆ ಬದಲಾಯಿಸಿದ್ದೇನೆ, ಇನ್ನು ಚಿಂತೆಯಿಲ್ಲ ಎಂದುಕೊಳ್ಳಬೇಡಿ: ಹಾರ್ಡ್ ಡಿಸ್ಕ್ ಕೊನೆಗಾಲದಲ್ಲಿ ತಮಗೆ ಎರಡು ದಿನವಾದರೂ ಶಬ್ದ ಮಾಡಿ ಹೇಳಿತು, ಎಸ್‌ಎಸ್‌ಡಿಯಾದರೆ ಯಾವ ಸದ್ದೂ ಇಲ್ಲದೆ ಒಂದು ಬೆಳಿಗ್ಗೆ ಕಾಣೆಯಾಗಿರಬಹುದು.