ಆದೇಶ ಕೊಡುವ ಬದಲು ಪ್ರಶ್ನೆ ಕೇಳುತ್ತಾ ತಂಡವನ್ನು ಮುನ್ನಡೆಸಬಹುದೇ?

ಖಂಡಿತ ಸಾಧ್ಯ, ಆದರೆ ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡು ಕೇಳುವ ಪ್ರಶ್ನೆ ಆದೇಶದ ಇನ್ನೊಂದು ರೂಪವಷ್ಟೇ, ಕೆಲಸಗಾರರು ಅದನ್ನು ತಕ್ಷಣ ಗುರುತಿಸುತ್ತಾರೆ.

ಮಂಗಳೂರು, ಉಡುಪಿ ಭಾಗದ ಗೇರುಬೀಜ ಕಾರ್ಖಾನೆಗಳನ್ನೇ ನೋಡಿ. ಇಡೀ ತಿರುಳಿಗಿಂತ ತುಂಡಿಗೆ ಬೆಲೆ ಕಡಿಮೆಯಾದ್ದರಿಂದ, ತುಂಡುಗಳು ಹೆಚ್ಚಾದ ದಿನ ‘ಜಾಗ್ರತೆಯಿಂದ ಒಡೆಯಿರಿ’ ಎಂದು ಮೇಲ್ವಿಚಾರಕರು ಗದರಿಸುವುದು ಸುಲಭ. ಅದರ ಬದಲು ‘ಯಾವ ಹಂತದಲ್ಲಿ ತುಂಡಾಗುತ್ತಿದೆ, ನಿಮಗೇನು ಕಾಣಿಸುತ್ತಿದೆ?’ ಎಂದು ಕೇಳಿ ಸುಮ್ಮನೆ ಕಾದರೆ (ಈ ಕಾಯುವುದೇ ಎಲ್ಲಕ್ಕಿಂತ ಕಷ್ಟ), ಹಬೆಯಲ್ಲಿ ಬೇಯಿಸಿದ ಬೀಜ ಸಾಕಷ್ಟು ಆರುವ ಮೊದಲೇ ಒಡೆಯಲು ಬರುತ್ತಿದೆ ಎಂಬಂಥ, ಕಚೇರಿಯಲ್ಲಿ ಕುಳಿತವರಿಗೆ ಹೊಳೆಯದ ಕಾರಣವನ್ನು ಅಲ್ಲಿ ವರ್ಷಗಟ್ಟಲೆ ದುಡಿದ ಮಹಿಳೆಯರೇ ಹೇಳಬಲ್ಲರು. ಜಪಾನಿನ ಟೊಯೋಟಾ ಕಾರು ಕಾರ್ಖಾನೆಗಳಲ್ಲಿ ಅಲ್ಲಿನ ಎಂಜಿನಿಯರ್ ತಾಯಿಚಿ ಓನೊ ಒತ್ತಿ ಹೇಳಿದ, ‘ಏಕೆ’ ಎಂದು 5 ಬಾರಿ ಕೇಳುವ ಕ್ರಮವೂ ಹೀಗೆಯೇ ಮೂಲ ಕಾರಣವನ್ನು ಹುಡುಕುತ್ತದೆ. ಆದ್ದರಿಂದ ‘ಏಕೆ ಹೀಗೆ ಮಾಡಿದಿರಿ’ ಎನ್ನುವುದಕ್ಕಿಂತ ‘ಏಕೆ ಹೀಗಾಯಿತು’ ಎಂದು ಕೇಳುವುದು ಮೇಲು.

ಬಂದ ಉತ್ತರದಿಂದ ಕೆಲಸದಲ್ಲಿ ಏನೂ ಬದಲಾಗದಿದ್ದರೆ ಮುಂದಿನ ಸಲ ಯಾರೂ ಬಾಯಿ ತೆರೆಯುವುದಿಲ್ಲ. ಬೆಂಕಿ, ಬಾಯ್ಲರ್‌ನ ಒತ್ತಡದಂತಹ ಅಪಾಯದ ಹೊತ್ತಿನಲ್ಲಿ ಮಾತ್ರ ನೇರ ಆದೇಶವೇ ಬೇಕು. ಪ್ರಶ್ನೆಗಳನ್ನು ಅನಂತರ ಕೇಳಬಹುದು.