ಬಂಗುಡೆಯ ತಲೆ ನೋಡಿ ಕಡಲು ಹೇಳಬಹುದೇ?

ಪ್ರಶ್ನೆ: ಕಾಸರಗೋಡಿನ ಮೀನು ಮಾರುಕಟ್ಟೆಯಲ್ಲಿ ಕಸಬಾ ಕಡಪ್ಪುರದ ಬಂಗುಡೆಯ ಪಕ್ಕದಲ್ಲೇ ತಮಿಳುನಾಡಿನಿಂದ ಲಾರಿಯಲ್ಲಿ ಬಂದ ಬಂಗುಡೆಯೂ ಇರುತ್ತದೆ. ಮೀನು ಮಾರುವ ಅಕ್ಕ, ‘ಇದು ನಮ್ಮ ಕಡಲಿನದ್ದಲ್ಲ, ತಲೆ ನೋಡಿ’ ಎನ್ನುತ್ತಾರೆ. ಅಳತೆ ಮಾಡಿ ಇದನ್ನು ಖಚಿತಪಡಿಸಿಕೊಳ್ಳಬಹುದೇ?
– ಓದುಗರೊಬ್ಬರು, ಮೊಗ್ರಾಲ್

ಉತ್ತರ: ಒಂದೇ ಮೀನನ್ನು ಕೈಯಲ್ಲಿ ಹಿಡಿದು ಹೇಳಲಾಗದು, ಎರಡೂ ಕಡೆಯ ನೂರಾರು ಮೀನುಗಳನ್ನು ಅಳೆದರೆ ಸ್ವಲ್ಪಮಟ್ಟಿಗೆ ಹೇಳಬಹುದು. ಎರಡು ಕರಾವಳಿಗಳಲ್ಲೂ ಸಿಗುವ ಸಾಮಾನ್ಯ ಬಂಗುಡೆ ರಾಸ್ಟ್ರೆಲಿಜರ್ ಕನಗುರ್ಟ ಎಂಬ ಒಂದೇ ಪ್ರಭೇದವಾದ್ದರಿಂದ, ಹುಡುಕಬೇಕಾದದ್ದು ಸರಾಸರಿ ಆಕಾರದಲ್ಲಿರುವ ಸಣ್ಣ ವ್ಯತ್ಯಾಸವನ್ನು.

ತಲೆಯ ಅಳತೆಯೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಮೊಟ್ಟೆಯಿಟ್ಟು ಬಡಕಲಾದ ಮೀನಿನ ತಲೆ ದೊಡ್ಡದಾಗಿ ಕಾಣುತ್ತದೆ. ಎಳೆಯ ಮೀನಿಗೆ ಮೈಯ ಲೆಕ್ಕದಲ್ಲಿ ಕಣ್ಣೂ ದೊಡ್ಡದೇ. ಆದ್ದರಿಂದ ಸಂಶೋಧಕರು ಮೊದಲು ಗಾತ್ರದ ಪ್ರಭಾವವನ್ನು ಗಣಿತದಿಂದ ಕಳೆದು, ಉಳಿದ ಆಕಾರವನ್ನಷ್ಟೇ ಹೋಲಿಸುತ್ತಾರೆ. ಇದಕ್ಕಾಗಿ ಮೀನನ್ನು ಎಡಮೈ ಮೇಲಾಗಿ ಮಲಗಿಸಿ, ಮೂತಿಯ ತುದಿ, ನೆತ್ತಿಯ ಹಿಂಭಾಗ, ಬೆನ್ನಿನ ಈಜುರೆಕ್ಕೆ ಹುಟ್ಟುವ ಜಾಗ, ಬಾಲದ ಬುಡ ಮುಂತಾದ ಗುರುತುಗಳನ್ನು ಸೂಜಿಯಿಂದ ಕೆಳಗಿನ ಕಾಗದದ ಮೇಲೆ ಚುಚ್ಚಿಕೊಳ್ಳುತ್ತಾರೆ. ಸಾಮಾನ್ಯವಾಗಿ ಇಂಥ 10 ಬಿಂದುಗಳನ್ನು ಅಡ್ಡ, ಉದ್ದ, ಓರೆಯಾಗಿ ಜೋಡಿಸಿದಾಗ ಸೇತುವೆಯ ಕಬ್ಬಿಣದ ಚೌಕಟ್ಟಿನಂಥ ಬಲೆಯೊಂದು ಮೂಡಿ, 21 ಅಂತರಗಳು ದೊರೆಯುತ್ತವೆ. ಈ ಅಳತೆಯ ಕ್ರಮಕ್ಕೆ ‘ಟ್ರಸ್’ (ಚೌಕಟ್ಟು) ಎಂಬ ಹೆಸರು ಬಂದದ್ದೇ ಇದರಿಂದ. ಹಳೆಯ ಕ್ರಮದಲ್ಲಿ ಅಳತೆಗಳೆಲ್ಲ ಹೆಚ್ಚಾಗಿ ಮೂತಿಯಿಂದ ಬಾಲದ ಕಡೆಗೇ ಇದ್ದುದರಿಂದ, ಮೈಯ ಅಗಲದಲ್ಲಿನ ಬದಲಾವಣೆ ಅವುಗಳ ಕಣ್ಣಿಗೆ ಅಷ್ಟಾಗಿ ಬೀಳುತ್ತಿರಲಿಲ್ಲ.

ಹಾಗೆಂದು ಹಳಬರನ್ನು ಹಗುರವಾಗಿ ಕಾಣಬೇಕಿಲ್ಲ. ಜರ್ಮನಿಯ ಫ್ರೀಡ್ರಿಖ್ ಹೈಂಕೆ 1898ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಸಾವಿರಾರು ಹೆರಿಂಗ್ ಮೀನುಗಳನ್ನು ಅಳೆದು, ಅವುಗಳ ಬೆನ್ನೆಲುಬಿನ ಮಣಿಗಳನ್ನು ಎಣಿಸಿ, ಅವುಗಳಲ್ಲಿ ಪ್ರಾದೇಶಿಕ ಗುಂಪುಗಳಿವೆಯೆಂದು ತೋರಿಸಿದ್ದರು.

ವ್ಯತ್ಯಾಸ ಕಂಡರೂ ಅದು ವಂಶದ್ದೇ ಎನ್ನಲಾಗದು. ಮರಿಯಾಗಿದ್ದಾಗಿನ ನೀರಿನ ಉಷ್ಣತೆ, ಉಪ್ಪಿನಂಶ, ಆಹಾರ ಇವೆಲ್ಲ ಮೈಯ ಆಕಾರವನ್ನು ತಿದ್ದುತ್ತವೆ. ಅನೇಕ ಮೀನುಗಳಲ್ಲಿ ತಣ್ಣೀರಿನಲ್ಲಿ ಬೆಳೆದ ಮರಿಗೆ ಬೆನ್ನೆಲುಬಿನ ಮಣಿಗಳೇ ಹೆಚ್ಚು. ವಂಶ ಬೇರೆಯೇ ಎಂಬುದಕ್ಕೆ ಡಿಎನ್‌ಎ ಪರೀಕ್ಷೆಯ ಬೆಂಬಲ ಬೇಕು. ಆದರೂ ಮೀನುಗಾರಿಕೆಯ ನಿರ್ವಹಣೆಗೆ ಅಳತೆ ನಿಷ್ಪ್ರಯೋಜಕವಲ್ಲ: ಎರಡು ಗುಂಪುಗಳು ಬೆಳೆಯುವ ಕಾಲದಲ್ಲಿ ಬೇರೆ ಬೇರೆ ನೀರಿನಲ್ಲಿದ್ದವೆಂಬ ಸುಳಿವನ್ನು ಅದು ಕಡಿಮೆ ಖರ್ಚಿನಲ್ಲಿ ಕೊಡುತ್ತದೆ.

ಇನ್ನು ಆ ಅಕ್ಕನ ಮಾತು. ದಿನಗಟ್ಟಲೆ ಮಂಜುಗಡ್ಡೆಯಲ್ಲಿದ್ದ ಮೀನಿನ ಕಣ್ಣು ಮಸುಕಾಗಿ ಒಳಸೇರುತ್ತದೆ, ಕಿವಿರಿನ ಕೆಂಪು ಮಾಸುತ್ತದೆ, ಹೊಟ್ಟೆ ಮೆತ್ತಗಾಗುತ್ತದೆ. ಅವರು ‘ತಲೆ ನೋಡಿ’ ಎಂದಾಗ ಬಹುಶಃ ಓದುತ್ತಿರುವುದು ಲಾರಿಯ ಪ್ರಯಾಣವನ್ನು.